ಮರುವಾರವೇ ಕಂತು ಕೇಳುವ ಸಾಲದಿಂದ ಕಸುಬು ಬೆಳೆಯದು

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಕಿರುಸಾಲದ ಕಂತು ಕಟ್ಟಲಾಗದ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬಾಗಿಲಲ್ಲಿ ನಿಂತು ಹೆಣ್ಣುಮಕ್ಕಳ ಮಾನ ಹರಾಜು ಹಾಕುವವರಿಗೆ ಇಂಥ ಶಿಕ್ಷೆ ಬೇಕೇ ಬೇಕಿತ್ತು. ಆದರೆ ಚರ್ಚೆಯೆಲ್ಲ ವಸೂಲಿಗಾರನ ಸುತ್ತಲೇ ತಿರುಗಿತು. ಸಾಲದ ಕರಾರು ಇದ್ದಂತೆಯೇ ಉಳಿಯಿತು. ನನ್ನ ತಕರಾರು ಇರುವುದು ಆ ಕರಾರಿನ ಮೇಲೆ.

ಕಿರುಸಾಲ ಕಂಪನಿಗಳು ಮಹಿಳೆಯರ ಗುಂಪಿಗೆ ಕೊಡುವ ಸಂಘದ ಸಾಲದಲ್ಲಿ ಒಬ್ಬಾಕೆ ಹೊಲಿಗೆ ಯಂತ್ರ ಕೊಳ್ಳುತ್ತಾಳೆ ಎಂದುಕೊಳ್ಳಿ. ಗಿರಾಕಿಗಳು ಕುದುರಲು ತಿಂಗಳುಗಳೇ ಬೇಕು. ಮೊದಲ ಕಂತು ಮಾತ್ರ ಒಂದೆರಡು ವಾರದಲ್ಲೇ ಬಂದು ನಿಲ್ಲುತ್ತದೆ. ಯಂತ್ರ ಇನ್ನೂ ದುಡಿಯುತ್ತಿಲ್ಲ; ಹಾಗಾಗಿ ಗಂಡನ ಕೂಲಿಯಿಂದ, ಇಲ್ಲವೇ ಇನ್ನೊಂದು ಸಂಘದಲ್ಲಿ ಸಾಲ ಎತ್ತಿ ಕಟ್ಟಬೇಕು. ಒಬ್ಬಳು ತಪ್ಪಿದರೆ ಗುಂಪಿನ ಉಳಿದವರು ತುಂಬಬೇಕಾದ್ದರಿಂದ, ಅವಳು ಹೊಸದಕ್ಕೆ ಕೈಹಾಕಿದರೆ ಅವರಿಗೂ ಆತಂಕ. ಇಂಥ ಕರಾರಿಗೆ ಒಗ್ಗುವುದು ದಿನವೂ ಕಾಸು ಓಡಾಡುವ ತರಕಾರಿ ಗಾಡಿಯಂಥ ವ್ಯಾಪಾರ ಮಾತ್ರ. ಕರು ಸಾಕಿ ಹಾಲು ಕಾಣಬೇಕೆನ್ನುವವಳಿಗೆ ಇದರಲ್ಲಿ ಜಾಗವಿಲ್ಲ.

ಇದು ಬರೀ ಊಹೆಯಲ್ಲ. ಕೋಲ್ಕತ್ತದಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೆಲವು ಗುಂಪುಗಳಿಗೆ ಎರಡು ವಾರದಲ್ಲೇ ಮರುಪಾವತಿ ಶುರುವಾಯಿತು, ಇನ್ನು ಕೆಲವಕ್ಕೆ ಎರಡು ತಿಂಗಳ ಬಿಡುವು ಸಿಕ್ಕಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಹಣ ತೊಡಗಿಸಿದರು. ಮುಂದೆ ಅವರ ಲಾಭವೂ ಹೆಚ್ಚಿತು. ಇನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ 104 ಬಡಾವಣೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಮಾಮೂಲಿ ಕಿರುಸಾಲದ ಲಾಭ ಹೆಚ್ಚಾಗಿ ದಕ್ಕಿದ್ದು ಮೊದಲೇ ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರಗಳಿಗೆ.

ಬಿಡುವು ಕೊಟ್ಟರೆ ಸಾಲ ಮುಳುಗುತ್ತದೆ ಎನ್ನುತ್ತವೆ ಕಂಪನಿಗಳು. ನಿಜ, ಕೋಲ್ಕತ್ತದಲ್ಲಿ ಸುಸ್ತಿಯೂ ಹೆಚ್ಚಿತು. ಆದರೆ ಕಸುಬಿನಲ್ಲಿ ನಷ್ಟದ ಭಯ ಇದ್ದೇ ಇರುತ್ತದೆ. ಅದರಲ್ಲಿ ಒಂದು ಪಾಲನ್ನೂ ಹೊರದೆ, ಎಲ್ಲವನ್ನೂ ಬಡವಳ ತಲೆಗೆ ಕಟ್ಟುವವರಿಗೆ 'ಮಹಿಳಾ ಉದ್ಯಮ'ದ ಹೆಸರು ಹೇಳುವ ಹಕ್ಕಿಲ್ಲ. ಬಡ್ಡಿ ದರಕ್ಕಿದ್ದ ಮಿತಿಯನ್ನು ರಿಸರ್ವ್ ಬ್ಯಾಂಕ್ 2022ರಲ್ಲಿ ತೆಗೆದುಹಾಕಿತು. ಅಪಾಯಕ್ಕೆ ತಕ್ಕ ಬಡ್ಡಿ ಹಾಕುವ ಸ್ವಾತಂತ್ರ್ಯ ಪಡೆದವರು ಅಪಾಯವನ್ನೂ ಹೊರಬೇಕು.

ಅದೇ 2022ರ ನಿಯಮಗಳಲ್ಲಿ, ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅವಧಿ ಹೊಂದಿಸುವ ನೀತಿ ಪ್ರತಿ ಸಂಸ್ಥೆಗೂ ಇರಬೇಕು ಎಂದಿದೆ. ಇಷ್ಟು ಸಾಲದು. ಕಸುಬಿನ ಸಾಲಕ್ಕೆ ಕನಿಷ್ಠ ಎರಡು ತಿಂಗಳ ಬಿಡುವನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಬೇಕು. ರಾಜ್ಯ ಸರ್ಕಾರ ಅದಕ್ಕಾಗಿ ಒತ್ತಾಯಿಸಬೇಕು. ಅಲ್ಲಿಯವರೆಗೆ, ಸಂಘದ ಸಾಲಕ್ಕೆ ಸಹಿ ಹಾಕುವ ಅಕ್ಕತಂಗಿಯರೇ, ಎಷ್ಟು ಸಾಲ ಸಿಗುತ್ತದೆ ಎನ್ನುವ ಮೊದಲು ಮೊದಲ ಕಂತು ಯಾವಾಗ ಎಂದು ಕೇಳಿ. ನಿಮ್ಮ ಕಸುಬಿಗೆ ಹೊಂದುವ ಕಂತನ್ನು ಅರ್ಜಿಯಲ್ಲಿ ಬರೆದೇ ಕೊಡಿ.