ಚಿಟ್ಟೆ ಬೇಕು, ಚಗಳಿ ಬೇಡ!

ಅಲ್ಲಾ ಮಾರಾಯ್ರೆ, ಸಕಲೇಶಪುರದ ಹೋಂಸ್ಟೇಗೆ ಹೋಗ್ತೀರಿ, ಚಿಟ್ಟೆ ಕಂಡ್ರೆ ಫೋನ್ ಹಿಡಿದು ಹಿಂದೆ ಓಡ್ತೀರಿ. ಮರದಿಂದ ಒಂದು ಚಗಳಿ ಇರುವೆ ಕಾಲರ್ ಒಳಗೆ ಬಿದ್ದು ಕಚ್ಚಿದ್ರೆ ಮಾತ್ರ 'ಇನ್ಸೆಕ್ಟ್ಸ್ ಜಾಸ್ತಿ' ಅಂತ ಎರಡೇ ಸ್ಟಾರ್! ಓನರ್ ಏನು ಮಾಡ್ತಾನೆ ಪಾಪ? ಮುಂದಿನ ವೀಕೆಂಡ್ ಒಳಗೆ ಗೂಡುಗಳಿಗೆ ಔಷಧಿ ಹೊಡೆಸ್ತಾನೆ.

ಸತ್ತಿದ್ದು ಇರುವೆ ಮಾತ್ರ ಅಂದ್ಕೊಂಡ್ರಾ?

ನಮ್ಮ ಆಲೂರು ಕಡೆ ತೋಟಗಳಲ್ಲಿ ನೆರಳಿಗೆ ಮತ್ತಿ, ನಂದಿ ಮರ ಬಿಟ್ಟಿರ್ತಾರೆ. ಸೆಂಟಾರ್ ಓಕ್‌ಬ್ಲೂ ಎಂಬ ನೀಲಿ ಚಿಟ್ಟೆಯ ಹುಳು ತಿನ್ನೋದು ಇಂಥ ಮರಗಳ ಎಲೆಯನ್ನೇ. ಅದಕ್ಕೆ ಕಾವಲು ಇದೇ ಚಗಳಿ. ಹುಳುವಿನ ಬೆನ್ನ ಹಿಂಭಾಗದಲ್ಲಿ ಒಂದು ಗ್ರಂಥಿ ಇದೆ. ಇರುವೆ ಮೀಸೆಯಿಂದ ತಟ್ಟಿದರೆ ಸಿಹಿ ಹನಿ ಬರುತ್ತೆ. ಹನಿ ಕುಡಿದ ಇರುವೆ, ಜೇಡ ಬಂದ್ರೂ ಕಣಜ ಬಂದ್ರೂ ಅಟ್ಟುತ್ತೆ. ಲೈಕೆನಿಡೇ ಕುಟುಂಬದಲ್ಲಿ ಜೀವನಚಕ್ರ ಗೊತ್ತಿರುವ ಚಿಟ್ಟೆಗಳ ಪೈಕಿ ಸುಮಾರು ಮುಕ್ಕಾಲು ಪಾಲಿಗೆ ಇರುವೆಯ ಜೊತೆ ಹೀಗೆ ಏನಾದರೊಂದು ನಂಟಿದೆ. ಎಲ್ಲವೂ ಸಾಚಾ ಅಲ್ಲ ಬಿಡಿ. ಏಪ್‌ಫ್ಲೈ ಹುಳು ಕಾಫಿ ಗಿಡದ ಹಿಟ್ಟು ತಿಗಣೆಯನ್ನ ತಿಂದು, ಅದರ ಬಿಳಿ ಹಿಟ್ಟನ್ನೇ ಮೈಗೆ ಮೆತ್ತಿಕೊಂಡು, ತಿಗಣೆ ಕಾಯೋ ಇರುವೆಗಳ ನಡುವೆಯೇ ಆರಾಮಾಗಿ ಓಡಾಡುತ್ತೆ. ಔಷಧಿಗೆ ಈ ಬಿಟ್ಟಿ ಕೆಲಸಗಾರನೂ ಬಲಿ.

ಇಂಗ್ಲೆಂಡಿನಲ್ಲಿ ಲಾರ್ಜ್ ಬ್ಲೂ ಅಂತ ಚಿಟ್ಟೆ. ಹಿಡಿಯೋರಿಂದಲೇ ಕಮ್ಮಿ ಆಗ್ತಿದೆ ಅಂತ ಬೇಲಿ ಹಾಕಿದ್ರು. ದನಕುರಿಯೂ ಹೊರಗೇ ಉಳಿದವು. ಮೇಯೋದು ನಿಂತು ಹುಲ್ಲು ಬೆಳೀತು, ನೆಲ ತಂಪಾಯ್ತು, ಆ ಹುಳುವನ್ನ ಸಾಕೋ ಇರುವೆ ಹೋಯ್ತು. 1979ರಲ್ಲಿ ಚಿಟ್ಟೆಯೂ ಹೋಯ್ತು. ಆಮೇಲೆ ಹುಲ್ಲು ಮೇಯಿಸಿ, ಇರುವೆಗೆ ಜಾಗ ಮಾಡಿಕೊಟ್ಟು, ಸ್ವೀಡನ್ನಿನಿಂದ ತಂದು ಬಿಡಬೇಕಾಯ್ತು. ನಾವು ಸಾಫ್ಟ್‌ವೇರ್‌ನವರು ಡಿಪೆಂಡೆನ್ಸಿ ಅಂತೀವಲ್ಲ, ಇದೇ.

ಕಾಫಿ ಕೊಯ್ಯೋ ಹೆಂಗಸರಿಗೆ ಚಗಳಿ ಕಾಟ ಇದೆ, ಸುಳ್ಳಲ್ಲ. ಇರುವೆ ತಿಗಣೆಯನ್ನ ಸಾಕುತ್ತೆ ಅನ್ನೋದೂ ನಿಜ. ಅವರ ದೂರು, ಬೆಳೆಗಾರರ ದೂರು ಕೇಳೋಣ. ಎರಡು ರಾತ್ರಿ ಉಳಿಯೋ ನಿಮ್ಮ ದೂರು ಯಾಕೆ ಕೇಳಬೇಕು? ನಾವೂ ಗೂಡು ಕಿತ್ತು ಚಟ್ನಿ ಅರೆದು ತಿಂದವರೇ. ಒಂದು ಗೂಡು ಇಳಿಸ್ತಿದ್ವಿ, ಉಳಿದದ್ದು ಮರಕ್ಕೇ ಬಿಡ್ತಿದ್ವಿ. ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೋಡಿ, 'ಬಟರ್‌ಫ್ಲೈ ಗಾರ್ಡನ್'ಗೆ ಒಂದು ಬಜೆಟ್ಟು, ಅದೇ ಗಿಡಗಳಿಗೆ ತಿಂಗಳಿಗೊಮ್ಮೆ ಪೆಸ್ಟ್ ಕಂಟ್ರೋಲ್‌ಗೆ ಇನ್ನೊಂದು!

ಬುಕ್ ಮಾಡುವಾಗ ವೈಫೈ, ಗೀಸರ್ ವಿಚಾರಿಸ್ತೀರಲ್ಲ, ಮರಕ್ಕೆ ಏನು ಹೊಡೀತೀರಿ ಅಂತಲೂ ಕೇಳಿ. 'ಏನೂ ಇಲ್ಲ' ಅಂದ ಮನೆಗೆ ಹೋಗಿ, ಐದು ಸ್ಟಾರ್ ಕೊಡಿ. ಚಗಳಿ ಕಚ್ಚಿದ್ರೂ.