ಲೂಪಸ್ ರೋಗಿಯ ಫೈಲಿನಲ್ಲಿಲ್ಲದ ಪ್ರಶ್ನೆ

ಲೂಪಸ್ ಇರುವವರ ಫೈಲು ದಪ್ಪಗಿರುತ್ತದೆ. ಇಎಸ್‌ಆರ್, ಕ್ರಿಯಾಟಿನಿನ್, ಮೂತ್ರದಲ್ಲಿ ಹೋಗುತ್ತಿರುವ ಪ್ರೋಟೀನಿನ ಲೆಕ್ಕ, ಸಿ3, ಸಿ4, ಕಣ್ಣಿನ ತಪಾಸಣೆಯ ಚೀಟಿ, ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿಟ್ಟಿರುತ್ತಾರೆ. ಬದುಕು ಸಾಕೆನಿಸಿದೆಯೇ ಎಂದು ಆಕೆಯನ್ನು ಯಾರಾದರೂ ಕೇಳಿದ ಗುರುತು ಮಾತ್ರ ಆ ಹಾಳೆಗಳಲ್ಲಿ ಸಿಗುವುದು ಅಪರೂಪ. ಆಕೆ ಎನ್ನುತ್ತಿದ್ದೇನೆ, ಏಕೆಂದರೆ ಈ ಕಾಯಿಲೆ ಬಂದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು. ಬಹುಪಾಲು ಜನರಿಗೆ ಅದು ಶುರುವಾಗುವುದು 15ರಿಂದ 45ರ ವಯಸ್ಸಿನೊಳಗೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳುವುದು ಲೂಪಸ್ ಚಿಕಿತ್ಸೆಯಲ್ಲಿ ಮೂತ್ರ ಪರೀಕ್ಷೆಯಷ್ಟೇ ಕಡ್ಡಾಯವಾಗಬೇಕು ಎಂಬುದು ನನ್ನ ವಾದ.

‘ಇಂಥ ಕಾಯಿಲೆ ಬಂದರೆ ಯಾರಿಗೆ ತಾನೇ ಬೇಸರ ಆಗುವುದಿಲ್ಲ?’ ಎನ್ನುವವರಿದ್ದಾರೆ. ಅನುಕಂಪದಿಂದಲೇ ಹೇಳುವ ಮಾತು ಅದು. ಆದರೆ ಖಿನ್ನತೆಗೆ ಸಿಗಬೇಕಾದ ಔಷಧಿಯನ್ನು ತಪ್ಪಿಸುವುದೂ ಅದೇ ಮಾತು. ಬೇಸರ ಸಹಜ ಎಂದ ಮೇಲೆ ಅದಕ್ಕೆ ಚಿಕಿತ್ಸೆ ಯಾಕೆ ಎಂದಾಗುತ್ತದೆ. ಕೀಲುನೋವೂ ಲೂಪಸ್‌ನಲ್ಲಿ ಸಹಜವೇ. ಅದನ್ನು ನಾವು ಹಾಗೆಯೇ ಬಿಡುವುದಿಲ್ಲವಲ್ಲ.

ಅದಕ್ಕಿಂತ ಮುಖ್ಯವಾಗಿ, ಇಲ್ಲಿನ ಖಿನ್ನತೆಗೆಲ್ಲ ಕಷ್ಟದ ಬದುಕೊಂದೇ ಕಾರಣವಲ್ಲ. ಲೂಪಸ್‌ನಲ್ಲಿ ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಾಂಗಗಳ ಮೇಲೆ ತಿರುಗಿ ಬೀಳುತ್ತದೆ. ಚರ್ಮ, ಕೀಲು, ಮೂತ್ರಪಿಂಡಗಳನ್ನು ಕಾಡುವ ಹಾಗೆಯೇ ಮಿದುಳನ್ನೂ ಕಾಡಬಲ್ಲದು. ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ 1999ರಲ್ಲಿ ಲೂಪಸ್‌ನಿಂದ ನರಮಂಡಲಕ್ಕೂ ಮನಸ್ಸಿಗೂ ಬರುವ 19 ತೊಂದರೆಗಳನ್ನು ಪಟ್ಟಿ ಮಾಡಿತು. ಮೂರ್ಛೆರೋಗ, ಪಾರ್ಶ್ವವಾಯುವಿನಂಥವುಗಳ ಸಾಲಿನಲ್ಲೇ ಖಿನ್ನತೆಯಂಥ ಮನಃಸ್ಥಿತಿಯ ಏರುಪೇರು, ಆತಂಕ, ಚಿತ್ತಭ್ರಮೆಗಳೂ ಇವೆ. ಇನ್ನು ಔಷಧಿ. ರೋಗ ಉಲ್ಬಣಿಸಿದಾಗ ಜೀವ ಉಳಿಸುವುದು ಸ್ಟೆರಾಯ್ಡ್. ಮನಸ್ಸನ್ನು ಕದಡುವ ಶಕ್ತಿಯೂ ಅದಕ್ಕಿದೆ. ಪ್ರೆಡ್ನಿಸೋನ್ ಎಂಬ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದ ಆಸ್ಪತ್ರೆ ರೋಗಿಗಳ ಮೇಲೆ ಬೋಸ್ಟನ್‌ನಲ್ಲಿ ನಡೆದು 1972ರಲ್ಲಿ ಪ್ರಕಟವಾದ ಅಧ್ಯಯನ ಈಗಲೂ ಉಲ್ಲೇಖವಾಗುತ್ತದೆ. ದಿನಕ್ಕೆ 40 ಮಿಲಿಗ್ರಾಂವರೆಗೆ ತೆಗೆದುಕೊಂಡವರಲ್ಲಿ ಶೇ. 1.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಾಣಿಸಿದರೆ, 80 ಮಿಲಿಗ್ರಾಂ ಮೀರಿದವರಲ್ಲಿ ಆ ಪ್ರಮಾಣ ಶೇ. 18.4. ಡೋಸು ಏರಿಸಿದ ಮೊದಲ ಕೆಲವು ವಾರಗಳಲ್ಲಿ ನಿದ್ದೆ ಹಾರಿಹೋದರೆ, ಸಿಡುಕು, ಅಳು ಹೆಚ್ಚಾದರೆ ‘ಅವಳ ಸ್ವಭಾವವೇ ಹಾಗೆ’ ಎಂದು ಮನೆಯವರು ಸುಮ್ಮನಾಗಬಾರದು. ಹಾಗೆಂದು ಮಾತ್ರೆಯನ್ನು ತಟ್ಟನೆ ನಿಲ್ಲಿಸಲೂ ಬಾರದು. ಅದು ಪ್ರಾಣಕ್ಕೇ ಕುತ್ತು. ಡೋಸು ಇಳಿಸುವುದು ವೈದ್ಯರ ಕೆಲಸ.

ಬದುಕಿನ ಭಾರ ಇವೆರಡರ ಮೇಲೆ ಬಂದು ಕೂರುತ್ತದೆ. ಬಿಸಿಲಿಗೆ ಹೋಗಬೇಡಿ ಎಂದು ವೈದ್ಯರು ಹೇಳುತ್ತಾರೆ. ಕಳೆ ಕೀಳುವ ಕೂಲಿಗೆ ಹೋಗುವವಳು ಬಿಸಿಲು ಬಿಟ್ಟರೆ ಅಂದಿನ ಕೂಲಿ ಬಿಟ್ಟಂತೆ. ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಹರಡಿದ ಕೆಂಪನ್ನು ಅಂಟುರೋಗವೇನೋ ಎಂದು ಅಕ್ಕಪಕ್ಕದವರು ನೋಡುತ್ತಾರೆ. ಬಾಚಣಿಗೆ ತುಂಬ ಕೂದಲು ಬರುತ್ತದೆ. ಸ್ಟೆರಾಯ್ಡ್‌ನಿಂದ ಮುಖ ಊದಿಕೊಂಡಾಗ ಮದುವೆ ಮನೆಯಲ್ಲಿ ಯಾರೋ ಕೆನ್ನೆ ಹಿಡಿದು, ‘ಚೆನ್ನಾಗಿ ಮೈ ತುಂಬ್ಕೊಂಡಿದ್ದೀಯಲ್ಲೇ, ಕಾಯಿಲೆ ಅಂತಿದ್ರು?’ ಎನ್ನುತ್ತಾರೆ. ಬೆಳಿಗ್ಗೆ ಬೆರಳು ಮಡಚಲಾಗದೆ ಹಿಟ್ಟು ಕಲಸಲು ಇನ್ನೊಬ್ಬರನ್ನು ಕರೆದವಳಿಗೆ ಆ ಮಾತು ಹೇಗೆ ತಾಕುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ದಣಿವು ಹೊರಗೆ ಕಾಣುವುದಿಲ್ಲ, ಹಾಗಾಗಿ ಅದು ಮೈಗಳ್ಳತನವೆನಿಸಿಕೊಳ್ಳುತ್ತದೆ. ಮದುವೆಯ ಮಾತು ಬಂದಾಗ ಕಾಯಿಲೆಯನ್ನು ಮುಚ್ಚಿಡು ಎಂದು ಹೆತ್ತವರೇ ಹೇಳಿಕೊಡುತ್ತಾರೆ. ಆಮೇಲೆ ಗಂಡನ ಮನೆಯಲ್ಲಿ ಮಾತ್ರೆಯನ್ನು ಕದ್ದು ನುಂಗಬೇಕು. ರೋಗ ಹತೋಟಿಗೆ ಬಂದು ಆರು ತಿಂಗಳಾದರೂ ಆಗುವವರೆಗೆ ಬಸಿರಾಗಬೇಡಿ ಎಂಬ ವೈದ್ಯರ ಸಲಹೆಯನ್ನು ಅತ್ತೆಗೆ ಹೇಗೆ ಹೇಳಿಯಾಳು?

ಮಿದುಳು, ಮಾತ್ರೆ, ಮನೆ ಮೂರೂ ಸೇರಿದ ಫಲವೆಂಬಂತೆ, ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಲೂಪಸ್ ಇರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಕಂಡುಬಂದಿದೆ. ಇದರ ಅರ್ಥ ಲೂಪಸ್ ಬಂದವರೆಲ್ಲ ಅತ್ತ ಜಾರುತ್ತಾರೆಂದಲ್ಲ. ಬಹಳಷ್ಟು ಜನ ಓದುತ್ತಾರೆ, ದುಡಿಯುತ್ತಾರೆ, ಮಕ್ಕಳನ್ನು ಹೆತ್ತು ಸಾಕುತ್ತಾರೆ. ಸಾಯಬೇಕೆನಿಸಿದವರಲ್ಲೂ ಹೆಚ್ಚಿನವರಿಗೆ ಆ ತೀವ್ರತೆ ಇಳಿದು ಹೋಗುತ್ತದೆ, ಆ ಹೊತ್ತಿನಲ್ಲಿ ಜೊತೆಗೆ ಯಾರಾದರೂ ಇದ್ದರೆ. ಅಪಾಯವನ್ನು ಮೊದಲೇ ಗುರುತಿಸಬೇಕು ಎನ್ನುವುದು ಅದಕ್ಕೇ.

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲವೇ? ವಿದ್ಯಾವಂತರೂ ಹೀಗೆ ಹೆದರುತ್ತಾರೆ. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಆ ಭಯಕ್ಕೆ ಆಧಾರ ಸಿಕ್ಕಿಲ್ಲ. ನೇರವಾಗಿ ಕೇಳಿದಾಗ ಹಗುರವಾದವರೂ ಇದ್ದಾರೆ. ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದೆ. ತುಂಬಲು ಕೆಲವೇ ನಿಮಿಷ ಸಾಕು, ಕೊನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆಯೇ. ಒಪಿಡಿಯಲ್ಲಿ ಸರದಿಗೆ ಕಾಯುತ್ತಾ ಕೂತಿರುವಾಗ ನರ್ಸೊಬ್ಬರು ಇದನ್ನು ತುಂಬಿಸಬಹುದು.

ಸಂಧಿವಾತ ತಜ್ಞರಿಗೆ ಪುರುಸೊತ್ತಿಲ್ಲ, ಮನೋವೈದ್ಯಕೀಯದ ತರಬೇತಿಯೂ ಇಲ್ಲ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅವರ ಸಂಖ್ಯೆ ಕಡಿಮೆ, ಬಾಗಿಲ ಹೊರಗಿನ ಸಾಲು ಉದ್ದ. ಆದರೆ ಇದಕ್ಕೆ ಉತ್ತರ ನಮ್ಮ ನೆಲದಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ತರಬೇತಿ ಕೊಟ್ಟಿತು. ಆ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಾಧ್ಯವಾದದ್ದು ನಗರದ ದೊಡ್ಡ ಆಸ್ಪತ್ರೆಯ ಲೂಪಸ್ ಕ್ಲಿನಿಕ್ಕಿನಲ್ಲಿ ಆಗುವುದಿಲ್ಲ ಎಂದರೆ ನಾನು ಒಪ್ಪಲಾರೆ. ಪೊಲೀಸ್ ಕೇಸಿನ ಭಯವನ್ನೂ ಬಿಡಬಹುದು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸಬೇಕು ಎನ್ನುತ್ತದೆ.

ನಿಮ್ಮ ಮನೆಯಲ್ಲಿ ಲೂಪಸ್ ಇರುವವರು ‘ದೇವರು ಬೇಗ ಕರ್ಕೊಂಡ್ರೆ ಸಾಕು’ ಎಂದರೆ ಬಿಡ್ತು ಅನ್ನು ಎಂದು ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂತು, ಸಾಯಬೇಕು ಅನ್ನಿಸುತ್ತಿದೆಯಾ ಎಂದು ಬಿಡಿಸಿ ಕೇಳಿ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆಗಳನ್ನು ನಿಮ್ಮ ಸುಪರ್ದಿಗೆ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ನೀವೇ ಕೊಡಿ, ಅಂದೇ ವೈದ್ಯರಿಗೆ ತಿಳಿಸಿ. ಈ ಸಾಲುಗಳನ್ನು ಓದುತ್ತಿರುವ ನಿಮಗೇ ಹಾಗನ್ನಿಸುತ್ತಿದ್ದರೆ ಈಗಲೇ ಒಬ್ಬರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.