‘ಐ ಹ್ಯಾಡ್ ಗಾನ್’ ಅಂದರೆ ಇಂಗ್ಲಿಷ್ ಬರಲ್ಲ ಅಂತಾನಾ? ಫಾರ್ವರ್ಡ್‌ಗಳು ಹೇಳುವ ಅರ್ಧ ಸತ್ಯ

‘ಭಾರತೀಯರು ಮಾಡುವ ಇಂಗ್ಲಿಷ್ ತಪ್ಪುಗಳು’ ಎಂಬ ಪಟ್ಟಿ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅಂಥ ಪಟ್ಟಿಗಳಲ್ಲಿ ‘ಐ ಹ್ಯಾಡ್ ಗಾನ್ ಟು ಶಿವಮೊಗ್ಗ ಯೆಸ್ಟರ್‌ಡೇ’ ಎಂಬ ಬಗೆಯ ವಾಕ್ಯಕ್ಕೆ ಕೆಂಪು ಗುರುತು ಗ್ಯಾರಂಟಿ. ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಮೆಸೇಜೂ ಓಡಾಡುತ್ತದೆ: ‘ಇಂಗ್ಲಿಷ್ ನಮ್ಮ ಭಾಷೆಯಲ್ಲ, ಹೇಗೆ ಮಾತಾಡಿದರೂ ನಡೆಯುತ್ತೆ’. ಹಾಗಾದರೆ ಯಾವುದು ನಿಜ? ಎರಡೂ ಅರ್ಧ ಮಾತ್ರ ನಿಜ.

ಈ ‘ಹ್ಯಾಡ್’ ಎಲ್ಲಿಂದ ಬರುತ್ತೆ?

ದಡ್ಡತನದಿಂದಲ್ಲ, ಕನ್ನಡದಿಂದ. ‘ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದೆ’ ಎಂದರೆ ಹೋಗಿ ವಾಪಸ್ ಬಂದಾಗಿದೆ, ಆ ಕೆಲಸ ಮುಗಿಯಿತು ಎಂದರ್ಥ. ಬರೀ ‘ನಿನ್ನೆ ಶಿವಮೊಗ್ಗಕ್ಕೆ ಹೋದೆ’ ಎಂದು ನಿಲ್ಲಿಸಿದರೆ, ಕೇಳುವವರು ‘ಹ್ಞಾಂ, ಹೋಗಿ?’ ಎಂದು ಮುಂದಿನ ಮಾತಿಗೆ ಕಾಯುತ್ತಾರೆ. ಮನೆಯಲ್ಲಿ ‘ಹೋದ ವರ್ಷ ಜೋಗಕ್ಕೆ ಹೋಗಿದ್ವಿ’ ಎನ್ನುವವರು ಅದನ್ನೇ ಇಂಗ್ಲಿಷಿಗೆ ತಂದಾಗ ‘ವಿ ಹ್ಯಾಡ್ ಗಾನ್ ಟು ಜೋಗ್ ಲಾಸ್ಟ್ ಇಯರ್’ ಆಗುತ್ತದೆ.

ಭದ್ರಾವತಿಯ ಉದಾಹರಣೆ ನೋಡಿ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳಿಂದ ಬೆಳೆದ ಈ ಊರಿನಲ್ಲಿ ಕನ್ನಡದ ಜೊತೆ ತಮಿಳು, ಉರ್ದು, ತೆಲುಗು ಮಾತಾಡುವ ಮನೆಗಳೂ ಇವೆ. ತಮಿಳಿನಲ್ಲಿ ‘ಪೋಯಿರುಂದೇನ್’, ಉರ್ದುವಿನಲ್ಲಿ ‘ಗಯಾ ಥಾ’ ಎನ್ನುವುದೂ ನಮ್ಮ ‘ಹೋಗಿದ್ದೆ’ಯ ಹಾಗೆಯೇ ಕೆಲಸ ಮಾಡುತ್ತದೆ. ಬೇರೆ ಬೇರೆ ಮನೆಮಾತಿನವರು ಇಂಗ್ಲಿಷಿನಲ್ಲಿ ಒಂದೇ ಕಡೆ ‘ಹ್ಯಾಡ್’ ಹಾಕುವುದಕ್ಕೆ ಇದು ಕಾರಣ. ಭಾರತೀಯ ಇಂಗ್ಲಿಷ್ ಬಗ್ಗೆ ಅಧ್ಯಯನ ಮಾಡಿದ ಭಾಷಾಶಾಸ್ತ್ರಜ್ಞರು ಇದನ್ನು ಅದರ ಒಂದು ಲಕ್ಷಣವೆಂದೇ ಗುರುತಿಸಿದ್ದಾರೆ.

ಬ್ರಿಟಿಷ್, ಅಮೆರಿಕನ್ ಇಂಗ್ಲಿಷಿನಲ್ಲಿ ಹೇಗೆ?

ಅಲ್ಲಿ ಲೆಕ್ಕ ಉಲ್ಟಾ. ‘ಐ ವೆಂಟ್ ಯೆಸ್ಟರ್‌ಡೇ’ ಎಂದರೆ ಮಾತು ಪೂರ್ತಿಯಾಯಿತು. ‘ಐ ಹ್ಯಾಡ್ ಗಾನ್’ ಎಂದರೆ ಕೇಳುವವರು ‘ಯಾವುದಕ್ಕಿಂತ ಮೊದಲು?’ ಎಂದು ಕಾಯುತ್ತಾರೆ. ನಡೆದುಹೋದ ಎರಡು ಘಟನೆಗಳಲ್ಲಿ ಯಾವುದು ಮೊದಲಿನದು ಎಂದು ತೋರಿಸುವುದೇ ಪಾಸ್ಟ್ ಪರ್ಫೆಕ್ಟ್‌ನ ಮುಖ್ಯ ಕೆಲಸ. ನಾವು ‘ಸ್ಟ್ಯಾಂಡಿಗೆ ಹೋಗೋಷ್ಟರಲ್ಲಿ ಭದ್ರಾವತಿ ಬಸ್ ಹೊರಟುಹೋಗಿತ್ತು’ ಎನ್ನುತ್ತೇವಲ್ಲ, ಅದೇ ಜಾಗ ಇದು: ‘ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್’. ಇಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಒಂದೇ ದಾರಿಯಲ್ಲಿವೆ.

ತಪ್ಪು ನಂಬಿಕೆ 1: ತುಂಬಾ ಹಳೆಯ ಘಟನೆಗೆ ‘ಹ್ಯಾಡ್’ ಹಾಕಬೇಕು

ಇಲ್ಲ. ಎಷ್ಟು ಹಳೆಯದು ಎನ್ನುವುದು ಮುಖ್ಯವಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1923ರಲ್ಲಿ. ನೂರು ವರ್ಷ ದಾಟಿದರೂ ‘ದ ಫ್ಯಾಕ್ಟರಿ ಸ್ಟಾರ್ಟೆಡ್ ಇನ್ 1923’ ಎಂದರೆ ಸಾಕು. ವಿಶ್ವೇಶ್ವರಯ್ಯನವರು ಮೈಸೂರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಅಂದರೆ ಕಾರ್ಖಾನೆ ಶುರುವಾಗುವ ಮೊದಲೇ ಅವರು ಆ ಹುದ್ದೆ ಬಿಟ್ಟಿದ್ದರು. ಇಲ್ಲಿ ಎರಡು ಘಟನೆಗಳಿವೆ, ಆದ್ದರಿಂದ ‘ಹ್ಯಾಡ್’ ಬೇಕು: ‘ವೆನ್ ದ ಫ್ಯಾಕ್ಟರಿ ಸ್ಟಾರ್ಟೆಡ್, ವಿಶ್ವೇಶ್ವರಯ್ಯ ಹ್ಯಾಡ್ ಆಲ್ರೆಡಿ ಲೆಫ್ಟ್ ದ ದಿವಾನ್ಸ್ ಪೋಸ್ಟ್’.

ತಪ್ಪು ನಂಬಿಕೆ 2: ಎರಡು ಘಟನೆ ಬಂದಲ್ಲೆಲ್ಲ ‘ಹ್ಯಾಡ್’ ಕಡ್ಡಾಯ

ಇದೂ ಇಲ್ಲ. ‘ಬಿಫೋರ್’, ‘ಆಫ್ಟರ್’ ಇದ್ದರೆ ಯಾವುದು ಮೊದಲು ಎಂಬುದು ಅಲ್ಲೇ ಗೊತ್ತಾಗುತ್ತದೆ. ‘ದ ಬಸ್ ಲೆಫ್ಟ್ ಬಿಫೋರ್ ಐ ರೀಚ್ಡ್’ ಎಂದು ಇಂಗ್ಲೆಂಡಿನವರೂ ಹೇಳುತ್ತಾರೆ.

ತಪ್ಪು ನಂಬಿಕೆ 3: ಸರಿಯಾದ ಇಂಗ್ಲಿಷ್ ಪ್ರಪಂಚಕ್ಕೆಲ್ಲ ಒಂದೇ

‘ಊಟ ಆಯ್ತು’ ಎನ್ನಲು ಬ್ರಿಟಿಷರು ಸಾಮಾನ್ಯವಾಗಿ ‘ಐ ಹ್ಯಾವ್ ಆಲ್ರೆಡಿ ಈಟನ್’ ಎಂದರೆ, ಅಮೆರಿಕದವರು ‘ಐ ಆಲ್ರೆಡಿ ಏಟ್’ ಎನ್ನುವುದೂ ಸಾಮಾನ್ಯ. ಕಾಲಸೂಚಕ ಕ್ರಿಯಾಪದದಲ್ಲೇ ವ್ಯತ್ಯಾಸವಿದ್ದರೂ ಯಾರೂ ಅಮೆರಿಕದವರಿಗೆ ಇಂಗ್ಲಿಷ್ ಬರಲ್ಲ ಎನ್ನುವುದಿಲ್ಲ. ಮೈಸೂರಿನ ‘ಬರ್ತೀನಿ’, ಮಂಗಳೂರಿನ ‘ಬರ್ತೇನೆ’, ಧಾರವಾಡದ ‘ಬರ್ತೀನ್ರಿ’ ಮೂರೂ ಕನ್ನಡವೇ ಆದ ಹಾಗೆ ಇದು.

2011ರ ಜನಗಣತಿಯಲ್ಲಿ ಇಂಗ್ಲಿಷನ್ನು ಮಾತೃಭಾಷೆ ಎಂದು ಬರೆಸಿದವರು ಸುಮಾರು 2.6 ಲಕ್ಷ ಮಾತ್ರ. ಎರಡನೇ ಅಥವಾ ಮೂರನೇ ಭಾಷೆ ಎಂದವರು 12 ಕೋಟಿಗೂ ಹೆಚ್ಚು. ಇಷ್ಟು ಜನ ದಿನಾ ಬಳಸುವ ಭಾಷೆಗೆ ತನ್ನದೇ ರೂಪ ಬರುವುದು ಸಹಜ. ಭಾಷಾಶಾಸ್ತ್ರಜ್ಞ ಬ್ರಜ್ ಕಚ್ರು 1980ರ ದಶಕದಲ್ಲೇ ಭಾರತದಂಥ ದೇಶಗಳ ಇಂಗ್ಲಿಷನ್ನು ತಪ್ಪುಗಳ ಮೂಟೆಯಾಗಿ ನೋಡದೆ ಒಂದು ಪ್ರಭೇದವಾಗಿ ನೋಡಬೇಕೆಂದು ವಾದಿಸಿದರು. ಹಾಸನದಲ್ಲಿ ಹುಟ್ಟಿದ ರಾಜಾ ರಾವ್ 1938ರ ‘ಕಾಂತಾಪುರ’ ಕಾದಂಬರಿಯ ಮುನ್ನುಡಿಯಲ್ಲಿ, ನಾವು ಇಂಗ್ಲಿಷರಂತೆಯೇ ಬರೆಯಲಾರೆವು, ಬರೆಯಲೂಬಾರದು ಎಂಬ ಅರ್ಥದ ಮಾತು ಹೇಳಿದ್ದರು. ಭಾರತದಲ್ಲಿ ಬಳಕೆಗೆ ಬಂದ ‘ಪ್ರಿಪೋನ್’, ನಾವೆಲ್ಲ ಹೇಳುವ ‘ಅಯ್ಯೋ’ ಎರಡೂ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿವೆ. ಇಂಗ್ಲಿಷಿನಲ್ಲಿ ‘ಶಿಮೊಗ’ ಎಂದಿದ್ದ ಹೆಸರೇ 2014ರ ನವೆಂಬರ್ 1ರಿಂದ ಅಧಿಕೃತವಾಗಿ ‘ಶಿವಮೊಗ್ಗ’ ಆಯಿತಲ್ಲ!

ಹಾಗಾದರೆ ಕಲಿಯೋದೇ ಬೇಡವಾ?

ಬೇಕು, ಏಕೆಂದರೆ ಕೆಲವು ಕಡೆ ಅರ್ಥವೇ ಬದಲಾಗುತ್ತದೆ. ‘ವೆನ್ ದ ಡಾಕ್ಟರ್ ಕೇಮ್, ದ ಪೇಷಂಟ್ ಟುಕ್ ದ ಟ್ಯಾಬ್ಲೆಟ್’ ಎಂದರೆ ಡಾಕ್ಟರ್ ಬಂದಾಗ ರೋಗಿ ಮಾತ್ರೆ ನುಂಗಿದರು. ‘ಹ್ಯಾಡ್ ಟೇಕನ್’ ಎಂದರೆ ಡಾಕ್ಟರ್ ಬರುವ ಮೊದಲೇ ನುಂಗಿಯಾಗಿತ್ತು. ಆಸ್ಪತ್ರೆಯ ದಾಖಲೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಪೊಲೀಸ್ ಹೇಳಿಕೆ, ವಿಮೆ ಅರ್ಜಿ, ಅಪಘಾತದ ವರದಿಗಳಲ್ಲೂ ಯಾವುದು ಮೊದಲು ನಡೆಯಿತು ಎನ್ನುವುದೇ ಮುಖ್ಯ. ಎಲ್ಲ ಕಡೆ ‘ಹ್ಯಾಡ್’ ಹಾಕುತ್ತಾ ಹೋದರೆ, ನಿಜವಾಗಿ ಬೇಕಾದ ಜಾಗದಲ್ಲಿ ಅದಕ್ಕೆ ಬೆಲೆ ಇರುವುದಿಲ್ಲ.

ಪರೀಕ್ಷೆಯ ಮಾತೂ ಇದೆ. ವಿದೇಶಕ್ಕೆ ಹೋಗುವ ನರ್ಸಿಂಗ್ ವಿದ್ಯಾರ್ಥಿಗಳು ಬರೆಯುವ ಐಇಎಲ್‌ಟಿಎಸ್‌ನಲ್ಲಿ ವ್ಯಾಕರಣಕ್ಕೆ ಪ್ರತ್ಯೇಕ ಅಂಕವಿದೆ. ಆದರೆ ಕನ್ನಡದ ಧಾಟಿ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ಅಂಕ ಕಳೆಯುವುದಿಲ್ಲ. ಮಾತು ಅರ್ಥವಾಗಬೇಕು, ಅಷ್ಟೆ.

ನೆನಪಿಡಲು ಇಷ್ಟು ಸಾಕು:

• ‘ಯೆಸ್ಟರ್‌ಡೇ’, ‘ಲಾಸ್ಟ್ ವೀಕ್’, ‘ಇನ್ 2019’ ಜೊತೆ ಒಂದೇ ಘಟನೆ ಇದ್ದರೆ ‘ವೆಂಟ್’, ‘ಕೇಮ್’, ‘ಪೇಯ್ಡ್’ ಬಳಸಿ.

• ‘ಹ್ಯಾಡ್’ ಹಾಕುವ ಮುನ್ನ ‘ಯಾವುದಕ್ಕಿಂತ ಮೊದಲು?’ ಎಂದು ಕೇಳಿಕೊಳ್ಳಿ. ಉತ್ತರ ಇದ್ದರೆ ಹಾಕಿ.

• ಪರೀಕ್ಷೆ, ಕಚೇರಿ ಪತ್ರ, ದಾಖಲೆಗಳಲ್ಲಿ ಈ ನಿಯಮ ಪಾಲಿಸಿ. ಸ್ನೇಹಿತರ ಜೊತೆ ಮಾತಾಡುವಾಗ ಇದಕ್ಕಾಗಿ ತಡವರಿಸಬೇಡಿ.

ನಮ್ಮ ತೀರ್ಮಾನ

‘ಐ ಹ್ಯಾಡ್ ಗಾನ್ ಯೆಸ್ಟರ್‌ಡೇ’ ಪರೀಕ್ಷೆಯಲ್ಲಿ ತಪ್ಪು. ಭಾರತದಲ್ಲಿ ಕೋಟ್ಯಂತರ ಜನರಿಗೆ ಅರ್ಥವಾಗುವ ಮಾತೂ ಹೌದು. ಅದನ್ನು ಬುದ್ಧಿವಂತಿಕೆಯ ಅಳತೆಗೋಲು ಮಾಡುವ ಫಾರ್ವರ್ಡ್ ಮಾತ್ರ ದಾರಿ ತಪ್ಪಿಸುವಂಥದ್ದು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಯೊಬ್ಬಳು ಅಂಥ ಮೆಸೇಜ್ ಓದಿ ಇಂಟರ್‌ವ್ಯೂನಲ್ಲಿ ಬಾಯಿ ತೆರೆಯಲು ಹೆದರಿದರೆ, ಆ ನಷ್ಟ ಒಂದು ‘ಹ್ಯಾಡ್’ಗಿಂತ ದೊಡ್ಡದು. ಮುಂದಿನ ಸಲ ಪಟ್ಟಿ ಬಂದಾಗ ನಗುವ ಇಮೋಜಿ ಹಾಕಿ ಮುಂದೆ ಕಳಿಸುವ ಬದಲು, ಬಸ್ಸಿನ ಆ ಒಂದು ಉದಾಹರಣೆ ಕಳಿಸಿ. ಯಾರಿಗಾದರೂ ಉಪಯೋಗವಾದೀತು.